ಭರಣಿ ಮಳೆಗೆ ಮೊದಲು ಅರ್ಥಿಂಗ್ ಗುಂಡಿಗೆ ನೀರು

ಏಪ್ರಿಲ್ ಕೊನೆಯ ಸಂಜೆ. ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲ್ ಘಟ್ಟದ ಮಗ್ಗುಲಿಗಿರುವ ಇಡಗುಂದಿ. ದಿನವಿಡೀ ಬೇಯಿಸಿದ ಸೆಕೆ ನಾಲ್ಕೂವರೆಯ ಹೊತ್ತಿಗೆ ಮೋಡ ಕಟ್ಟಿದೆ. ದೂರದಲ್ಲೊಮ್ಮೆ ಗುಡುಗಿದ್ದೇ ತಡ, ಅಡುಗೆಮನೆಯಿಂದ ಅಮ್ಮನ ಕೂಗು: ‘ತಮಾ, ಗುಡುಗ್ತಾ ಇದ್ದು, ಪ್ಲಗ್ ತೆಗ್ಯಾ!’

ತಮ್ಮ ಓಡಿಬಂದು ಟಿವಿಯ ಪ್ಲಗ್ ಕೀಳುತ್ತಾನೆ, ಕಂಪ್ಯೂಟರಿನದ್ದನ್ನೂ ಕೀಳುತ್ತಾನೆ. ಮಳೆ ಒಂದು ತಾಸು ಹೊಡೆದು ನಿಲ್ಲುತ್ತದೆ. ರಾತ್ರಿ ಕರೆಂಟು ಬಂದ ಮೇಲೆ ನೋಡಿದರೆ ಕಂಪ್ಯೂಟರ್ ಏನೋ ಆನ್ ಆಗುತ್ತದೆ, ಆದರೆ ಅದರ ಲ್ಯಾನ್ ಪೋರ್ಟ್ ಸತ್ತಿದೆ. ರೂಟರಿನಲ್ಲಿ ಒಂದು ದೀಪವೂ ಇಲ್ಲ. ಟಿವಿಯ ಸೆಟ್‌ಟಾಪ್ ಬಾಕ್ಸ್ ಮೌನ. ‘ಪ್ಲಗ್ ತೆಗೆದಿದ್ದೆನಲ್ಲ!’ ಎಂಬ ತಮ್ಮನ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆಯಾದರೂ ಈ ಮಾತು ಕೇಳದ ಕೇರಿ ಇಲ್ಲ. ಹಿಂದೆ ಸುಡುತ್ತಿದ್ದದ್ದು ಟಿವಿ, ದೂರವಾಣಿ; ಎರಡು ದಿನ ಸುದ್ದಿ ನೋಡದಿದ್ದರೆ ಯಾರಿಗೂ ನಷ್ಟವಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತು ಬಂದವರಲ್ಲಿ ಕೆಲವರು ಊರಲ್ಲೇ ಉಳಿದರು. ಅವರಿಗೆ ರೂಟರ್ ಸುಟ್ಟರೆ ಆ ದಿನದ ಸಂಬಳಕ್ಕೇ ಕುತ್ತು. ಹಾಗಾಗಿ ತಮ್ಮನ ಪ್ರಶ್ನೆಗೆ ಸರಿಯಾದ ಉತ್ತರ ಬೇಕು.

ಸಿಡಿಲು ಬರುವುದು ತಂತಿಯ ದಾರಿಯಲ್ಲಿ

ಸಿಡಿಲು ಮನೆಯ ಮೇಲೇ ಬಡಿಯಬೇಕೆಂದಿಲ್ಲ. ಹಾಗೆ ಬಡಿಯುವುದು ಅಪರೂಪ. ಒಂದು ಮಿಂಚಿನಲ್ಲಿ ಸಾಮಾನ್ಯವಾಗಿ 30,000 ಆಂಪಿಯರ್‌ನಷ್ಟು ವಿದ್ಯುತ್ ಕಣ್ಣೆವೆ ಮಿಟುಕಿಸುವುದರೊಳಗೆ ಹರಿದುಹೋಗುತ್ತದೆ. ಅದು ಅರ್ಧ ಕಿಲೋಮೀಟರ್ ಆಚೆಯ ಗುಡ್ಡಕ್ಕೆ ಹೊಡೆದರೂ ಸುತ್ತಲಿನ ಉದ್ದ ತಂತಿಗಳಲ್ಲಿ ಸಾವಿರಾರು ವೋಲ್ಟ್ ಹುಟ್ಟಿಸಬಲ್ಲದು. ನಮ್ಮ ಕಡೆಯ ಲೈನುಗಳನ್ನು ನೆನಪಿಸಿಕೊಳ್ಳಿ. ಟ್ರಾನ್ಸ್‌ಫಾರ್ಮರಿನಿಂದ (ಟಿಸಿ) ಹೊರಟ ತಂತಿ ಕಾಡು ದಾಟಿ, ತೋಟದ ಅಂಚು ಹಿಡಿದು, ಒಂಟಿ ಮನೆಯೊಂದಕ್ಕೆ ಮುಟ್ಟುವುದರೊಳಗೆ ಎಷ್ಟು ಕಂಬ ದಾಟಿರುತ್ತದೆ! ಪೇಟೆಯಲ್ಲಿ ಇಂಥ ಹೊಡೆತವನ್ನು ನೂರು ಮನೆ ಹಂಚಿಕೊಳ್ಳುತ್ತವೆ. ಲೈನಿನ ಕೊನೆಯ ಮನೆ ಅದನ್ನು ಒಂಟಿಯಾಗಿ ತಿನ್ನಬೇಕು.

ಇನ್ನೊಂದು ಸಂಗತಿ ಮುಖ್ಯ. ಸಾಧನ ಸುಡುವುದು ವಿದ್ಯುತ್ ಒಳಗೆ ಬಂದದ್ದಕ್ಕಿಂತ ಹೆಚ್ಚಾಗಿ, ಒಂದು ತಂತಿಯಿಂದ ಬಂದು ಇನ್ನೊಂದು ತಂತಿಯಿಂದ ಹೊರಗೆ ಹೋಗಲು ದಾರಿ ಸಿಕ್ಕಿದ್ದಕ್ಕೆ. ಸೆಟ್‌ಟಾಪ್ ಬಾಕ್ಸಿಗೆ ಎರಡು ಬಾಗಿಲು: ಕರೆಂಟಿನದ್ದು, ಡಿಶ್ ಕೇಬಲಿನದ್ದು. ಹಳೆಯ ದೂರವಾಣಿ ತಂತಿಯ ಮೋಡೆಮ್ಮಿಗೆ ಮೂರು: ಕರೆಂಟು, ದೂರವಾಣಿ ತಂತಿ, ಕಂಪ್ಯೂಟರಿಗೆ ಹೋಗುವ ಲ್ಯಾನ್. ತಮ್ಮ ಟಿವಿಯದ್ದೂ ಕಂಪ್ಯೂಟರಿನದ್ದೂ ಪ್ಲಗ್ ಕಿತ್ತ, ಆದರೆ ರೂಟರಿನ ಪುಟ್ಟ ಅಡಾಪ್ಟರ್ ಗೋಡೆಯಲ್ಲೇ ಉಳಿದಿತ್ತು. ಡಿಶ್ ಕೇಬಲ್ಲೂ ಹಾಗೇ ಇತ್ತು. ಹೊಡೆತ ರೂಟರಿಗೆ ಕರೆಂಟಿನಿಂದ ಬಂತು, ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿನವರೆಗೆ ನಡೆದು ಅಲ್ಲಿಯ ಪೋರ್ಟನ್ನೂ ತಿಂದಿತು. ಬಾಕ್ಸಿಗೆ ಡಿಶ್ ಕಡೆಯಿಂದ ಬಂತು. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಕದ ತೆರೆದಿಟ್ಟಂತಾಯಿತು.

ಹಾಗಾದರೆ ಬ್ಯಾಟರಿ ಮೇಲೆ ಓಡುತ್ತ, ವೈಫೈಯಲ್ಲಿ ಇಂಟರ್‌ನೆಟ್ ಪಡೆಯುವ ಲ್ಯಾಪ್‌ಟಾಪ್‌ಗೆ? ಅದಕ್ಕೆ ತಂತಿಯೇ ಇಲ್ಲ. ಗುಡುಗಿನ ನಡುವೆ ಮನೆಯಲ್ಲಿ ಅತ್ಯಂತ ನಿಶ್ಚಿಂತವಾಗಿರುವ ಯಂತ್ರ ಅದು.

ಈಗ ಹಳ್ಳಿಗಳಿಗೂ ಬಂದಿರುವ ಫೈಬರ್ ಈ ಲೆಕ್ಕದಲ್ಲಿ ದೊಡ್ಡ ವರ. ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ ಹರಿಯುವುದಿಲ್ಲ. ಆದರೂ ಒಂದು ಕಣ್ಣಿಟ್ಟಿರಿ. ಕಂಬದಿಂದ ಮನೆಗೆ ಎಳೆಯುವ ಕೆಲವು ಫೈಬರ್ ಕೇಬಲ್‌ಗಳಲ್ಲಿ, ಜೋತು ಬೀಳದಿರಲೆಂದು ಉಕ್ಕಿನ ತಂತಿ ಇಟ್ಟಿರುತ್ತಾರೆ. ಆ ತಂತಿಯನ್ನು ಗೋಡೆಯ ಹೊರಗೇ ಬೇರ್ಪಡಿಸಿ ಕತ್ತರಿಸಿ, ಗಾಜಿನೆಳೆ ಮಾತ್ರ ಒಳಗೆ ಬರುವಂತೆ ಮಾಡಿಕೊಡಲು ಕೇಬಲಿನವರಿಗೆ ಹೇಳಿ.

ಸ್ವಿಚ್ ಆರಿಸಿದರೆ ಏಕೆ ಸಾಲದು?

ಗೋಡೆಯ ಸ್ವಿಚ್ ಕಡಿಯುವುದು ಫೇಸ್ ತಂತಿಯನ್ನು ಮಾತ್ರ; ನ್ಯೂಟ್ರಲ್ ಹಾಗೇ ಜೋಡಿಸಿಕೊಂಡಿರುತ್ತದೆ. ಇನ್ನು ಫೇಸಿನದ್ದಾದರೂ, ಸ್ವಿಚ್ಚಿನೊಳಗೆ ಎರಡು ತುದಿಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್. ಒಣ ಗಾಳಿಯಲ್ಲಿ ಒಂದು ಮಿಲಿಮೀಟರ್ ದಾಟಲು ವಿದ್ಯುತ್ತಿಗೆ ಸುಮಾರು 3,000 ವೋಲ್ಟ್ ಸಾಕು. ಕಿಲೋಮೀಟರುಗಟ್ಟಲೆ ಗಾಳಿ ಸೀಳಿ ಬಂದ ಸಿಡಿಲಿಗೆ ಆ ಸಂದು ಎಷ್ಟರದ್ದು? ಮೇನ್ ಬೋರ್ಡಿನ ಎಂಸಿಬಿಯ ಕಥೆಯೂ ಅದೇ. ಅದು ಇರುವುದು ವೈರಿಂಗ್ ಸುಡದಂತೆ ಕಾಯಲು; ಮಿಂಚಿನ ವೇಗಕ್ಕೆ ಅದು ಏಳುವುದರೊಳಗೆ ಎಲ್ಲ ಮುಗಿದಿರುತ್ತದೆ.

ಪ್ಲಗ್ಗನ್ನು ಪೂರ್ತಿ ಹೊರಗೆಳೆದು ಒಂದು ಅಡಿ ದೂರ ಇಟ್ಟರೆ ಅದು ನಿಜವಾದ ಅಂತರ. ಅಮ್ಮನ ಕೂಗಿನಲ್ಲಿದ್ದದ್ದು ಅನುಭವದ ವಿಜ್ಞಾನ. ‘ಎಲ್ಲಾ ತಂತಿ ತೆಗ್ಯಾ’ ಎಂದಿದ್ದರೆ ಪೂರ್ತಿಯಾಗುತ್ತಿತ್ತು.

ಮಣ್ಣು ಒಣಗಿದ ಹೊತ್ತಿಗೇ ಸಿಡಿಲು

ಮಲೆನಾಡಿನ ಮಳೆ ಎಂದಾಕ್ಷಣ ಜುಲೈ ನೆನಪಾಗುತ್ತದೆ. ಆದರೆ ಪುನರ್ವಸು, ಪುಷ್ಯ ಮಳೆಗಳು ಹಗಲೂ ರಾತ್ರಿ ಸುರಿದರೂ ಗುಡುಗುವುದು ಕಡಿಮೆ. ಸಿಡಿಲಿನ ಹಾವಳಿ ಎರಡು ಬಾರಿ: ಏಪ್ರಿಲ್ ಕೊನೆಯಿಂದ ಮೇ ತಿಂಗಳಿಡೀ ಬರುವ ಭರಣಿ, ಕೃತ್ತಿಕೆ, ರೋಹಿಣಿಯಲ್ಲಿ, ಮತ್ತೆ ಅಕ್ಟೋಬರಿನ ಚಿತ್ತೆ, ಸ್ವಾತಿಯಲ್ಲಿ. ಭರಣಿ ಬರುವ ಹೊತ್ತಿಗೆ ಬೇಸಿಗೆ ನೆಲವನ್ನು ಹುರಿದಿಟ್ಟಿರುತ್ತದೆ.

ಅರ್ಥಿಂಗಿಗೆ ಇದೇ ದೊಡ್ಡ ಪೆಟ್ಟು. ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕೆ ಇಳಿಸುವುದು ಮಣ್ಣಿನೊಳಗಿನ ತೇವ. ಜಂಬಿಟ್ಟಿಗೆ ನೆಲ ಮೊದಲೇ ವಿದ್ಯುತ್ತಿಗೆ ಒಳ್ಳೆಯ ದಾರಿಯಲ್ಲ, ಒಣಗಿದರಂತೂ ಕಲ್ಲಿನಂತೆ. ಮನೆ ಕಟ್ಟಿದ ವರ್ಷ ಇದ್ದಿಲು, ಉಪ್ಪು ಹಾಕಿ ಹುಗಿದ ಪೈಪು ಹತ್ತು ವರ್ಷದಲ್ಲಿ ತುಕ್ಕು ಹಿಡಿದು, ತಂತಿಯ ಬೋಲ್ಟು ಸಡಿಲಾಗಿ, ಗುಂಡಿಯ ಮೇಲೆ ದಾಸವಾಳ ಬೆಳೆದು, ಎಲ್ಲಿದೆ ಎಂಬುದೇ ಮರೆತುಹೋಗಿರುತ್ತದೆ. ಇನ್ನೂ ಹಳೆಯ ಮನೆಗಳ ಕೆಲವು ಪಾಯಿಂಟುಗಳಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇರುವುದಿಲ್ಲ. ಅಂಥ ಮನೆಗೆ ಎಷ್ಟೇ ಬೆಲೆಯ ಸರ್ಜ್ ಪ್ರೊಟೆಕ್ಟರ್ ತಂದರೂ ಅದು ಪೂರ್ತಿ ಕೆಲಸ ಮಾಡಲಾರದು. ಅದರೊಳಗಿನ ವೇರಿಸ್ಟರ್ ಎಂಬ ಬಿಲ್ಲೆ ವೋಲ್ಟೇಜ್ ಹೆಚ್ಚಾದೊಡನೆ ದಾರಿ ತೆರೆದು ವಿದ್ಯುತ್ತನ್ನು ಅರ್ಥಿಂಗಿನತ್ತ ತಿರುಗಿಸಬೇಕು. ತಿರುಗಿಸಲು ಅರ್ಥಿಂಗೇ ಇಲ್ಲದಿದ್ದರೆ ಎಲ್ಲಿಗೆ ಕಳಿಸಬೇಕು?

ಆದ್ದರಿಂದ ಕೈಯಲ್ಲಿ ಐದು ಸಾವಿರ ರೂಪಾಯಿ ಇದ್ದರೆ ಮೊದಲು ಹೋಗಬೇಕಾದ್ದು ಗುಂಡಿಗೆ, ಅಂಗಡಿಗಲ್ಲ.

ಮಾಡಬೇಕಾದ್ದು

1. ಅರ್ಥಿಂಗ್ ಪರೀಕ್ಷೆ. ಮಾರ್ಚ್ ತಿಂಗಳಲ್ಲಿ, ನೆಲ ಒಣಗಿರುವಾಗಲೇ, ಎಲೆಕ್ಟ್ರಿಷಿಯನ್ ಕರೆಸಿ. ಮಳೆಗಾಲದಲ್ಲಿ ಅಳೆದರೆ ಎಲ್ಲರ ಮನೆಯ ಅರ್ಥಿಂಗೂ ಚೆನ್ನಾಗಿಯೇ ಕಾಣುತ್ತದೆ. ಮೀಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟಿಗಿಂತ ಬಹಳ ಹೆಚ್ಚು ತೋರಿದರೆ ಎಲ್ಲೋ ಎಡವಟ್ಟಿದೆ. ಇದನ್ನು ನೀವೇ ಬಲ್ಬ್ ಹಿಡಿದು ಮಾಡಲು ಹೋಗಬೇಡಿ.

2. ಗುಂಡಿಯ ಜಾಗ. ಹೊಸದಾಗಿ ತೋಡುವುದಾದರೆ ವರ್ಷವಿಡೀ ತಂಪಿರುವ ಜಾಗ ನೋಡಿ. ಬಚ್ಚಲ ನೀರು ಹರಿದುಹೋಗುವ ಕಡೆ, ಬಸಳೆ ಚಪ್ಪರದ ಬುಡ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಎರಡೂವರೆ ಮೀಟರ್ ಉದ್ದದ ಜಿಐ ಪೈಪ್ ಪೂರ್ತಿ ಇಳಿಯಬೇಕು. ಬಂಡೆ ಅಡ್ಡ ಬಂತೆಂದು ಅರ್ಧಕ್ಕೆ ಕತ್ತರಿಸುವುದಕ್ಕಿಂತ ನಾಲ್ಕು ಹೆಜ್ಜೆ ಸರಿದು ಇನ್ನೊಂದು ತೋಡುವುದು ಮೇಲು.

3. ನೀರು. ಮಾರ್ಚಿನಿಂದ ಮಳೆ ಹಿಡಿಯುವವರೆಗೆ ವಾರಕ್ಕೆರಡು ಬಾರಿ ಗುಂಡಿಗೆ ಒಂದೆರಡು ಕೊಡ ನೀರು ಹೊಯ್ಯಿರಿ. ಈ ಲೇಖನದಲ್ಲಿ ದುಡ್ಡಿಲ್ಲದೆ ಆಗುವ ಕೆಲಸ ಇದು. ಹೆಚ್ಚಿನವರು ಮಾಡದೆ ಬಿಡುವುದೂ ಇದನ್ನೇ.

4. ಮೇನ್ ಬೋರ್ಡಿಗೆ ಎಸ್‌ಪಿಡಿ, ಅಂದರೆ ಇಡೀ ಮನೆಯ ಸರ್ಜ್ ಪ್ರೊಟೆಕ್ಟರ್. ಎಂಸಿಬಿಯ ಪಕ್ಕದಲ್ಲೇ ಕೂರುವ ಈ ಸಾಧನದಲ್ಲಿ ‘ಟೈಪ್ 2’ ಎಂದು ಬರೆದಿರುವುದನ್ನು ಕೇಳಿ. ಅದರಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿ ಆದಷ್ಟು ಗಿಡ್ಡವಾಗಿ, ನೇರವಾಗಿರಲಿ. ಸುರುಳಿ ಸುತ್ತಿ ಅಂದವಾಗಿ ಕಟ್ಟಿಟ್ಟರೆ ಅರ್ಧ ಶಕ್ತಿ ಹೋದಂತೆಯೇ. ಅದರ ಪುಟ್ಟ ಕಿಟಕಿ ಹಸಿರಿನಿಂದ ಕೆಂಪಾದರೆ ಒಳಗಿನ ಬಿಲ್ಲೆ ತನ್ನ ಕೆಲಸ ಮುಗಿಸಿದೆ, ಬದಲಾಯಿಸಬೇಕು.

5. ಒಂದೇ ಕಡೆ ಎಲ್ಲ ಪ್ಲಗ್. ರೂಟರ್, ಕಂಪ್ಯೂಟರ್, ಪ್ರಿಂಟರ್ ಬೇರೆ ಬೇರೆ ಗೋಡೆಗಳಲ್ಲಿದ್ದರೆ ಅವಸರದಲ್ಲಿ ಒಂದು ಮರೆತೇ ಹೋಗುತ್ತದೆ. ಎಲ್ಲವನ್ನೂ ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದು, ಅದರ ಒಂದೇ ಪ್ಲಗ್ ಕೀಳುವಂತೆ ಮಾಡಿ. ಡಿಶ್ ಕೇಬಲ್ಲಿಗೆ ಕೈ ಸುಲಭವಾಗಿ ಸಿಗಬೇಕು.

6. ಲ್ಯಾನ್ ಕೇಬಲ್ ಕಡಿಮೆ ಮಾಡಿ. ಮನೆಯಿಂದ ಕೊಟ್ಟಿಗೆಗೆ, ಅಡಿಕೆ ಅಂಗಳದ ಕ್ಯಾಮೆರಾಕ್ಕೆ ಬಯಲಿನಲ್ಲಿ ಎಳೆದ ಲ್ಯಾನ್ ತಂತಿ ಸಿಡಿಲಿಗೆ ಆಮಂತ್ರಣ ಪತ್ರಿಕೆ. ಅಲ್ಲಿಗೆ ವೈಫೈ ಸಾಗದಿದ್ದರೆ ಫೈಬರ್ ತುಂಡೊಂದನ್ನು ಎಳೆಸಿ.

ಯಾವಾಗ ಕೀಳಬೇಕು? ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಎಣಿಕೆ ಮೂವತ್ತರೊಳಗೆ ಬಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ತಡ ಮಾಡಬೇಡಿ. ಫೋನಿದ್ದರೆ ಇನ್ನೂ ಸುಲಭ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ನಿಮ್ಮಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯಲ್ಲಿ ಬಿದ್ದ ಸಿಡಿಲುಗಳನ್ನು ತೋರಿಸುತ್ತದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ‘ಸಿಡಿಲು’ ಎಂಬ ಹೆಸರಿನದ್ದೇ ಆ್ಯಪ್ ತಂದಿತ್ತು.

ಎಚ್ಚರಿಕೆ: ಸಿಡಿಲು ತಲೆಯ ಮೇಲೇ ಹೊಡೆಯುತ್ತಿರುವಾಗ ಪ್ಲಗ್ಗಿಗೂ ಡಿಶ್ ಕೇಬಲ್ಲಿಗೂ ಕೈ ಹಾಕಬೇಡಿ. ಮರೆತಿದ್ದರೆ ಮರೆತದ್ದೇ. ರೂಟರ್ ಇನ್ನೊಂದು ಸಿಗುತ್ತದೆ.

ಗುಡುಗಿಲ್ಲದೆ ಸುಟ್ಟರೆ

ಆಷಾಢದ ಗಾಳಿಯಲ್ಲಿ, ಗುಡುಗಿನ ಸದ್ದೇ ಇಲ್ಲದ ರಾತ್ರಿಯಲ್ಲಿ, ಇಡೀ ಕೇರಿಯ ಟಿವಿ ಫ್ರಿಜ್ಜುಗಳು ಒಟ್ಟಿಗೆ ಹೋಗುವುದುಂಟು. ಜನ ಇದನ್ನೂ ಸಿಡಿಲಿನ ಲೆಕ್ಕಕ್ಕೆ ಬರೆಯುತ್ತಾರೆ. ನಿಜವಾದ ಅಪರಾಧಿ ಬೇರೆ. ಮರ ಬಿದ್ದು ಲೈನಿನ ನ್ಯೂಟ್ರಲ್ ತಂತಿ ಮಾತ್ರ ಕಡಿದರೆ, ಮನೆಗೆ ಬರಬೇಕಾದ 230 ವೋಲ್ಟಿನ ಲೆಕ್ಕ ತಪ್ಪುತ್ತದೆ. ಎರಡು ಫೇಸುಗಳ ನಡುವೆ ಇರುವುದು 400 ವೋಲ್ಟ್. ನ್ಯೂಟ್ರಲ್ ಇಲ್ಲದಾಗ ಅದು ಮನೆಮನೆಗಳ ನಡುವೆ ಅಡ್ಡಾದಿಡ್ಡಿ ಹಂಚಿಹೋಗುತ್ತದೆ. ಹೆಚ್ಚು ಲೋಡ್ ಇದ್ದ ಮನೆಗಳಲ್ಲಿ ಕರೆಂಟು ಡಿಮ್; ಒಂದೆರಡು ಬಲ್ಬು ಮಾತ್ರ ಹಾಕಿಕೊಂಡ ಮನೆಯಲ್ಲಿ 300ರ ಮೇಲೆ.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುತ್ತದೆ, ಫ್ಯಾನು ಹುಚ್ಚು ಹಿಡಿದಂತೆ ತಿರುಗುತ್ತದೆ, ಪಕ್ಕದ ಮನೆಯವರು ‘ನಮ್ಮಲ್ಲಿ ಡಿಮ್ ಆಯ್ತು’ ಎನ್ನುತ್ತಾರೆ. ಯೋಚಿಸುತ್ತ ನಿಲ್ಲದೆ ಮೇನ್ ಸ್ವಿಚ್ ಇಳಿಸಿ, ಆಮೇಲೆ ಲೈನ್‌ಮನ್‌ಗೋ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೋ ಫೋನ್ ಮಾಡಿ. ಮುಂಚಿತವಾಗಿ ಬಂದೋಬಸ್ತು ಬೇಕಿದ್ದರೆ ಮೇನ್ ಬೋರ್ಡಿನಲ್ಲಿ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ. ವೋಲ್ಟೇಜ್ ಸುಮಾರು 270 ದಾಟಿದರೆ ಅಥವಾ 170ಕ್ಕಿಂತ ಇಳಿದರೆ ಅದು ಕರೆಂಟನ್ನೇ ಕಡಿದು, ಸರಿಯಾದ ಮೇಲೆ ಒಂದೆರಡು ನಿಮಿಷ ಕಾದು ಮತ್ತೆ ಕೊಡುತ್ತದೆ. ಸರ್ಜ್ ಪ್ರೊಟೆಕ್ಟರ್ ಈ ಕೆಲಸ ಮಾಡುವುದಿಲ್ಲ. ಅದು ಕ್ಷಣದ ಹೊಡೆತಕ್ಕೆ. ನಿಮಿಷಗಟ್ಟಲೆ ನಿಂತ 350 ವೋಲ್ಟಿಗೆ ತಾನೇ ಸುಟ್ಟುಹೋಗುತ್ತದೆ.

ಇನ್ವರ್ಟರಿನ ಹಿಂಬದಿಯ ಗುಂಡಿ

2021ರ ಜುಲೈಯಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು, ಕಳಚೆಯಲ್ಲಿ ಮನೆ ತೋಟಗಳೇ ಜಾರಿದವು. ಅಂಥ ವರ್ಷದ ಮಾತು ಬಿಡಿ; ಸಾಮಾನ್ಯ ಮಳೆಗಾಲದಲ್ಲೂ ಇಲ್ಲಿ ಕರೆಂಟು ಹೋದರೆ ಹತ್ತು ನಿಮಿಷಕ್ಕೆ ಬರುತ್ತದೆಂಬ ಖಾತ್ರಿಯಿಲ್ಲ. ಡೆಸ್ಕ್‌ಟಾಪ್ ಜೊತೆ ಕೊಡುವ 600 ವಿಎ ಯುಪಿಎಸ್ ಹತ್ತು ಹದಿನೈದು ನಿಮಿಷದ್ದು, ಫೈಲ್ ಉಳಿಸಿ ಮುಚ್ಚಲು ಮಾತ್ರ. ದಿನದ ಕೆಲಸಕ್ಕೆ ಇನ್ವರ್ಟರೇ ಬೇಕು.

ಲೆಕ್ಕ ಹಾಕಿ ನೋಡಿ. 150 ಎಎಚ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಬಸಿದರೆ ಬ್ಯಾಟರಿ ಬೇಗ ಹಾಳು, ನಡುವೆ ಸೋರಿಕೆಯೂ ಇದೆ, ಸಾವಿರವೆಂದು ಹಿಡಿಯೋಣ. ಲ್ಯಾಪ್‌ಟಾಪಿಗೆ 50 ವ್ಯಾಟ್, ರೂಟರಿಗೆ 10, ನಾಲ್ಕು ಎಲ್‌ಇಡಿಗೆ 40. ಹತ್ತು ತಾಸು ಬಂತು. ಡೆಸ್ಕ್‌ಟಾಪ್ ಇಟ್ಟರೆ ಅರ್ಧಕ್ಕಿಳಿಯುತ್ತದೆ.

ಹಲವರ ದೂರು ಒಂದಿದೆ: ‘ಇನ್ವರ್ಟರ್ ಇದೆ, ಆದರೂ ಕರೆಂಟು ಹೋದೊಡನೆ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ.’ ಅನೇಕ ಇನ್ವರ್ಟರುಗಳ ಹಿಂದೆ ‘ಯುಪಿಎಸ್’ ಎಂದು ಬರೆದ ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಕರೆಂಟಿನಿಂದ ಬ್ಯಾಟರಿಗೆ ಜಿಗಿಯುವ ಹೊತ್ತು ಕಡಿಮೆಯಾಗಿ ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತದೆ. ಆದರೆ ಆ ಸ್ಥಿತಿಯಲ್ಲಿ ಇನ್ವರ್ಟರ್ ಮಡಿವಂತನಾಗುತ್ತದೆ. ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಲೈನನ್ನು ಮುಟ್ಟುವುದೇ ಇಲ್ಲ. ಫೆಬ್ರವರಿ-ಮಾರ್ಚಿನಲ್ಲಿ ಎಲ್ಲ ತೋಟಗಳ ಪಂಪು ಒಟ್ಟಿಗೆ ಓಡಿ ಕರೆಂಟು ಡಿಮ್ ಇರುವಾಗ, ಲೈನಿದ್ದೂ ಬ್ಯಾಟರಿ ಖಾಲಿಯಾಗಿ ಕೂರುತ್ತದೆ. ಲ್ಯಾಪ್‌ಟಾಪ್ ಬಳಸುವವರು ಆ ತಿಂಗಳುಗಳಲ್ಲಿ ಗುಂಡಿಯನ್ನು ಮತ್ತೆ ಒತ್ತಿ ಸಾಧಾರಣ ಸ್ಥಿತಿಗೆ ತಂದರಾಯಿತು.

ಬರೀ ಇಂಟರ್‌ನೆಟ್ ಉಳಿದರೆ ಸಾಕೆನ್ನುವವರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಇದೆ, ಅಂಗೈಯಗಲದ್ದು. ರೂಟರನ್ನು ಮೂರು-ನಾಲ್ಕು ತಾಸು ಎಳೆಯುತ್ತದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಳ್ಳಿ.

ಜೂನ್ ನಂತರದ ಶತ್ರು

ಮಳೆ ಹಿಡಿದ ಮೇಲೆ ಚಿಂತೆ ಬೇರೆ. ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು ಬರುವ ಮನೆಯಲ್ಲಿ ಕ್ಯಾಮೆರಾ ಲೆನ್ಸಿಗೆ ಬಾರದಿರುತ್ತದೆಯೇ? ಗಾಳಿಯ ತೇವ ಶೇ. 70 ದಾಟಿ ವಾರಗಟ್ಟಲೆ ನಿಂತರೆ ಬೂಸ್ಟಿಗೆ ಹಬ್ಬ.

ಕಂಪ್ಯೂಟರಿಗೆ ಸುಲಭದ ಮದ್ದು ದಿನಾ ಒಂದು ತಾಸು ಓಡಿಸುವುದು. ಒಳಗಿನ ಬಿಸಿಯೇ ತೇವ ಅಟ್ಟುತ್ತದೆ. ಬಳಸದೆ ಪ್ಲಾಸ್ಟಿಕ್ ಹೊದೆಸಿಟ್ಟ ಕಂಪ್ಯೂಟರೇ ಬೇಗ ಹಾಳಾಗುತ್ತದೆ, ಹೊದಿಕೆಯೊಳಗೆ ತೇವ ಸಿಕ್ಕಿಕೊಳ್ಳುವುದರಿಂದ. ಕ್ಯಾಮೆರಾ, ಹಾರ್ಡ್ ಡಿಸ್ಕ್‌ಗಳಿಗೆ ರಬ್ಬರ್ ಅಂಚಿನ ಗಾಳಿ ನುಸುಳದ ಡಬ್ಬಿ, ಒಳಗೆ ಸಿಲಿಕಾ ಜೆಲ್. ನೀಲಿ ಹರಳು ಗುಲಾಬಿಯಾದರೆ ಬಿಸಿ ಮಾಡಿ ಒಣಗಿಸಬೇಕು. ಆ ಬಣ್ಣ ವಿಷಕಾರಿ, ಅಡುಗೆಯ ಬಾಣಲೆಗೆ ಹಾಕಬೇಡಿ. ಹಿಂದಿನವರು ಕಪಾಟಿನೊಳಗೆ ಝೀರೋ ಬಲ್ಬ್ ಉರಿಸುತ್ತಿದ್ದರಲ್ಲ, ಅದೂ ನಡೆಯುತ್ತದೆ. ಹಳೆಯ ತಂತಿಯ ಬಲ್ಬೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಬಿಸಿ ಅಷ್ಟಾಗಿ ಕೊಡುವುದಿಲ್ಲ. ಅಟ್ಟದ ಹೊಗೆ ಅಡಿಕೆಗೆ, ಬೀಜಕ್ಕೆ ಒಳ್ಳೆಯದು, ಎಲೆಕ್ಟ್ರಾನಿಕ್ಸಿಗೆ ಮಸಿ.

ಇನ್ನು ಇರುವೆ. ಮಳೆಗೆ ಬೆಚ್ಚಗಿನ ಜಾಗ ಹುಡುಕಿಕೊಂಡು ಯುಪಿಎಸ್ಸಿನೊಳಗೆ, ಸ್ವಿಚ್ ಪೆಟ್ಟಿಗೆಯೊಳಗೆ ಸಂಸಾರ ಹೂಡುತ್ತವೆ. ಹಲ್ಲಿಯೊಂದು ಸರ್ಕ್ಯೂಟ್ ಬೋರ್ಡಿನ ಮೇಲೆ ಅಡ್ಡ ಬಿದ್ದು ತಾನೂ ಸತ್ತು ಯಂತ್ರವನ್ನೂ ಕೊಂದದ್ದನ್ನು ರಿಪೇರಿ ಅಂಗಡಿಗಳವರು ದಿನಾ ಕಾಣುತ್ತಾರೆ. ಯಂತ್ರವನ್ನು ಗೋಡೆಗೆ ತಾಗಿಸದೆ ಒಂದು ಗೇಣು ದೂರ ಇಡಿ. ಗಾಳಿಕಿಂಡಿಗೆ ಸಣ್ಣ ಕಣ್ಣಿನ ಸೊಳ್ಳೆ ಪರದೆಯ ತುಂಡು ಅಂಟಿಸಿದರೂ ಸಾಕು, ದೂಳು ಕಟ್ಟದಂತೆ ನೋಡಿಕೊಂಡರೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಲ್ಯಾಪ್‌ಟಾಪಿಗೆ ಸ್ಟೆಬಿಲೈಸರ್ ಕೊಳ್ಳುವುದು. ಅಡಾಪ್ಟರಿನ ಮೇಲೆ ‘100–240’ ಎಂದು ಬರೆದಿರುತ್ತದೆ. ಡಿಮ್ ಕರೆಂಟು ಅದಕ್ಕೆ ಲೆಕ್ಕಕ್ಕಿಲ್ಲ. ಆ ಹಣವನ್ನು ವೋಲ್ಟೇಜ್ ಪ್ರೊಟೆಕ್ಟರಿಗೆ ಹಾಕಿ.

ಕೆಂಪು ದೀಪವಿದ್ದದ್ದೆಲ್ಲ ‘ಸ್ಪೈಕ್ ಗಾರ್ಡ್’ ಎಂದು ನಂಬುವುದು. ಎಷ್ಟು ಜೂಲ್ ತಡೆಯುತ್ತದೆಂದು ಪೆಟ್ಟಿಗೆಯ ಮೇಲೆ ಬರೆಯದಿದ್ದರೆ ಅದು ಬರೀ ಎಕ್ಸ್‌ಟೆನ್ಷನ್ ಬೋರ್ಡ್.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸುವುದು. ಅಷ್ಟು ಕಷ್ಟಪಟ್ಟು ತೋಡಿದ ಅರ್ಥಿಂಗ್ ಗುಂಡಿಗೆ ಅಲ್ಲೇ ಸಂಬಂಧ ಕಡಿಯಿತು.

ಇನ್ವರ್ಟರ್ ಬ್ಯಾಟರಿಗೆ ಬಾವಿ ನೀರು ಹೊಯ್ಯುವುದು. ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಲವಣವಿದೆ. ಅಂಗಡಿಯ ಬ್ಯಾಟರಿ ನೀರನ್ನೇ ಹಾಕಿ.

ತೋಟದ ಹೊಂಡಕ್ಕೆ ಬಿದ್ದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು. ಅಕ್ಕಿ ಒಳಗಿನ ನೀರು ಹೀರುವುದಿಲ್ಲ, ತೌಡಿನ ಪುಡಿ ತುಂಬುತ್ತದೆ. 2024ರಲ್ಲಿ ಆ್ಯಪಲ್ ಕಂಪನಿಯೂ ಇದು ಬೇಡವೆಂದು ಹೇಳಿತು. ಆಫ್ ಮಾಡಿ, ಚಾರ್ಜಿನ ಕಿಂಡಿ ಕೆಳಗೆ ಬರುವಂತೆ ಹಿಡಿದು ನಿಧಾನಕ್ಕೆ ತಟ್ಟಿ, ಫ್ಯಾನಿನ ಗಾಳಿಗಿಡಿ. ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

ಫೋಟೋ, ಅಡಿಕೆ ಲೆಕ್ಕ, ಜಮೀನಿನ ಪತ್ರದ ಸ್ಕ್ಯಾನು ಎಲ್ಲ ಒಂದೇ ಕಂಪ್ಯೂಟರಿನಲ್ಲಿ ಇಡುವುದು. ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿರಲಿ, ಆ ಡಿಸ್ಕ್ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡು ಇರದಿರಲಿ. ಚುಚ್ಚಿದ್ದರೆ ಎರಡೂ ಒಟ್ಟಿಗೇ ಹೋದಾವು.

ಹೋಯ್ತೆಂದು ಎಸೆಯುವ ಮೊದಲು

ದೀಪ ಹತ್ತದ ರೂಟರಿನಲ್ಲಿ ಎಷ್ಟೋ ಸಲ ಸುಟ್ಟಿರುವುದು ಅಡಾಪ್ಟರ್ ಮಾತ್ರ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ, ಅದೇ ಪಿನ್ನಿನ ಇನ್ನೊಂದನ್ನು ಹಾಕಿ ನೋಡಿ. ಅಡಾಪ್ಟರ್ ಬದಲಿಸಿಯೂ ಏಳದಿದ್ದರೆ, ಫೈಬರ್ ಸಂಪರ್ಕದ ಪೆಟ್ಟಿಗೆ ಕಂಪನಿಯದ್ದೋ ನಿಮ್ಮದೋ ಎಂದು ರಸೀದಿಯಲ್ಲಿ ನೋಡಿ. ಕಂಪನಿಯದ್ದಾದರೆ ಬದಲಿ ಕೇಳಬಹುದು. ತಮ್ಮನ ಕಂಪ್ಯೂಟರಿಗೆ ಮದರ್‌ಬೋರ್ಡ್ ಬದಲಿಸಬೇಕೆಂದು ಅಂಗಡಿಯವರು ಹೇಳಿದರೆ ಒಡನೆ ಒಪ್ಪಬೇಕಿಲ್ಲ. ಸತ್ತಿರುವುದು ಲ್ಯಾನ್ ಪೋರ್ಟ್ ಒಂದೇ ಆದರೆ, ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ ಕೆಲವು ನೂರು ರೂಪಾಯಿಗೆ ಯಲ್ಲಾಪುರ ಪೇಟೆಯಲ್ಲೇ ಸಿಕ್ಕೀತು. ಅದರಿಂದ ತಮ್ಮನಿಗೆ ಇಂಟರ್‌ನೆಟ್ ಮರಳಿ ಬರುತ್ತದೆ. ಮುಂದಿನ ಭರಣಿಗೆ ಅವನು ಕೀಳಬೇಕಾದ ತಂತಿಗಳಲ್ಲಿ ಒಂದು ಕಡಿಮೆಯೂ ಆಗುತ್ತದೆ.